ಹೆಸರು ಹಿಡಿದು ಬೇಡಿಕೊಂಡ ಭಾನುವಾರ

ಕೈಪಂಪಿನ ಪೈಪ್ ಎಳೆಯುವಾಗ ಯಾರೂ ಮಾತಾಡಬಾರದು ಎಂಬುದು ನನ್ನ ಕಟ್ಟುನಿಟ್ಟು. ಹತ್ತು ಹತ್ತು ಅಡಿಯ ಹನ್ನೆರಡು ಪೈಪು, ಅವುಗಳೊಳಗೆ ಅಷ್ಟೇ ಸರಳು, ತಳದಲ್ಲಿ ಸಿಲಿಂಡರು, ಅದರ ಮೇಲೆ ನಿಂತ ನೀರು, ಇಷ್ಟೂ ಭಾರ ಒಂದು ಕ್ಲಾಂಪಿನ ಹಲ್ಲಿಗೆ ಜೋತುಬಿದ್ದಿರುತ್ತದೆ. ಒಬ್ಬ ನಕ್ಕು ಕೈ ಸಡಿಲಿಸಿದರೆ ಸಾಕು, ಇಡೀ ಸಾಲು ಬೋರಿನೊಳಗೆ ಹೋಗಿ ಕೂರುತ್ತದೆ. ಆವತ್ತು ಮಾತ್ರ ನನ್ನ ಕಟ್ಟುನಿಟ್ಟು ನಡೆಯಲಿಲ್ಲ. ಕೂಗಾಡುತ್ತಿದ್ದವನು ನನ್ನ ಕೈಕೆಳಗಿನವನಲ್ಲ, ಪಕ್ಕದ ಹೊಲದ ಯಜಮಾನ.

"ಈ ಬೋರು ಬಿದ್ದ ಮ್ಯಾಲ ನಮ್ಮ ಬಾವಿ ಬತ್ತೈತಿ. ನಮ್ಮಪ್ಪ ತೋಡಿಸಿದ ಬಾವಿ ಅದು! ಇದನ್ನ ಮುಚ್ಚಿಸದ ಬಿಡಾಂಗಿಲ್ಲ ನಾನು, ಬೇಕಾದ್ರ ಬರದಿಟ್ಕೊಳ್ರಿ!"

ಅವನ ಹಿಂದೆ ಬದುವಿನ ಮೇಲೆ ಅವನ ಮುದಿ ತಾಯಿ ತಲೆಯ ಮೇಲೆ ಸೆರಗೆಳೆದುಕೊಂಡು ನಿಂತಿದ್ದಳು. ನಾನು ಅವಳನ್ನು ಎರಡನೇ ಸಲ ನೋಡಲಿಲ್ಲ.

ಇದು ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆಯ ಮಾತು. ಕೂಡ್ಲಿಗಿಯಲ್ಲಿದ್ದುಕೊಂಡು ಸುತ್ತಲ ಹಳ್ಳಿಗಳ ಸರಕಾರಿ ಕೈಪಂಪುಗಳನ್ನು ರಿಪೇರಿ ಮಾಡುವುದು ನನ್ನ ಕೆಲಸ. ಈ ಊರು ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಯ ಕಡೆ ಹೋಗುವ ರಸ್ತೆ ಬಿಟ್ಟು ಒಳಗಿತ್ತು. ಊರಾಚೆ ಮೂವತ್ತು ಮನೆಗಳ ಕೇರಿ. ಎಲ್ಲರೂ ಮೂರು ತಲೆಮಾರಿನಿಂದ ಕ್ರೈಸ್ತರು. ತಗಡು ಹೊದಿಸಿದ ಸಣ್ಣದೊಂದು ಪ್ರಾರ್ಥನಾ ಮನೆ, ಅದರ ಮುಂದೆಯೇ ಈ ಪಂಪು. ನಾನೂ ಅದೇ ವಿಶ್ವಾಸದವನು. ಸಭಾಪಾಲಕರು ಅಲ್ಲಿಗೆ ತಿಂಗಳಿಗೊಮ್ಮೆ ಬರುತ್ತಿದ್ದರು. ಉಳಿದ ಭಾನುವಾರಗಳಲ್ಲಿ ಓದು ಬಲ್ಲವರು ಯಾರು ಸಿಕ್ಕರೂ ಹಿಡಿದು ನಿಲ್ಲಿಸಿ ವಾಕ್ಯ ಓದಿಸುತ್ತಿದ್ದರು. ಹಾಗಾಗಿ ಕೇರಿಯವರ ಪಾಲಿಗೆ ನಾನು ಅರ್ಧ ಮೇಸ್ತ್ರಿ, ಅರ್ಧ ಉಪದೇಶಿ.

ಕೂಗಾಟದ ನಡುವೆಯೇ ಹನ್ನೆರಡೂ ಪೈಪು ಮೇಲೆ ಬಂದವು. ನೋಡಿದರೆ ಸಿಲಿಂಡರಿನ ಮೈಗೆ ಉದ್ದಕ್ಕೂ ಸೀಳು. ವಾಷರ್ ಬದಲಿಸಿ ಮುಗಿಸುವ ಕೆಲಸ ಅಲ್ಲ, ಹೊಸದೇ ಬೇಕು. ಇಂಥ ಹೊತ್ತಿನಲ್ಲಿ ಬೋರಿನ ಬಾಯಿಗೆ ಕಬ್ಬಿಣದ ಮುಚ್ಚಳ ಇಟ್ಟು ಬೋಲ್ಟ್ ಬಿಗಿದು ಹೋಗಬೇಕು. ಮುಚ್ಚಳ ಕೂಡ್ಲಿಗಿಯ ಷೆಡ್ಡಿನಲ್ಲಿತ್ತು. ಬೆಳಿಗ್ಗೆ ಗಾಡಿಗೆ ಸಾಮಾನು ಹೇರುವಾಗ ಕಣ್ಣಿಗೆ ಬಿದ್ದಿತ್ತು ಕೂಡ. ಒಂದು ವಾಷರ್ ಕೆಲಸಕ್ಕೆ ಅದೆಲ್ಲ ಯಾಕೆ ಎಂದು ಬಿಟ್ಟು ಬಂದಿದ್ದೆ. ಈಗ ಒಂದು ಗೋಣಿಚೀಲ ಮಡಚಿ ಬಾಯಿಗೆ ಹೊದಿಸಿ, ಮೇಲೊಂದು ಕಲ್ಲಿಟ್ಟು, "ನಾಳೆ ಬಂದುಬಿಡ್ತೀವಿ" ಎಂದೆ. ನಾಳೆ ಎಂದದ್ದು ನಾಲ್ಕು ದಿನವಾಯಿತು. ಸಿಲಿಂಡರು ನಮ್ಮಲ್ಲಿರಲಿಲ್ಲ, ಹೊಸಪೇಟೆಯಿಂದ ತರಿಸಬೇಕಾಯಿತು.

ಐದನೇ ದಿನ ಹೋಗಿ ನೋಡಿದರೆ ಕಲ್ಲು ಪಕ್ಕಕ್ಕೆ ಬಿದ್ದಿದೆ. ಚೀಲ ಇಲ್ಲ. ನಾಯಿ ಎಳೆದುಕೊಂಡು ಹೋಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡು ಪೈಪ್ ಇಳಿಸತೊಡಗಿದೆ. ಏಳನೇ ಪೈಪಿಗೆ ಟಕ್ಕೆಂದು ಕೂತಿತು. ಎತ್ತಿ ಮತ್ತೆ ಬಿಟ್ಟೆ, ಮತ್ತೆ ಟಕ್. ತಿರುಗಿಸಿದೆ, ಅಲುಗಿಸಿದೆ, ಉಹ್ಞೂಂ. ಹೊರಗೆ ತೆಗೆದರೆ ಪೈಪಿನ ಬುಡ ಒದ್ದೆಯಾಗಿತ್ತು. ಒಳಗೆ ನೀರಿದೆ, ನಡುವೆ ಏನೋ ಅಡ್ಡ ಕೂತಿದೆ.

ಕೇರಿಯ ಹಿರಿಯಜ್ಜಿ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದವಳು, "ಬಿದ್ದದ್ದಲ್ಲ ಯಪ್ಪಾ ಅದು. ಯಾರೋ ಬೇಕಂತಲೇ ಹಾಕ್ಯಾರ" ಅಂದಳು. ಯಾರೂ ಹೆಸರು ಹೇಳಲಿಲ್ಲ. ಎಲ್ಲರ ಕಣ್ಣೂ ಪೂರ್ವಕ್ಕಿದ್ದ ಯಜಮಾನನ ಹೊಲದ ಕಡೆ ಹೋದವು. ನನ್ನ ಕಣ್ಣು ಎಲ್ಲರಿಗಿಂತ ಮುಂಚೆ ಹೋಗಿತ್ತು.

ವಾಪಸ್ ಬರುವಾಗ ನಮ್ಮ ಜೀಪಿನ ಡ್ರೈವರ್ ಸಾಬರು ಮೆಲ್ಲಗೆ ಬಾಯಿ ತೆರೆದರು. ಅವರು ನನಗಿಂತ ಹತ್ತು ವರ್ಷ ದೊಡ್ಡವರು. "ಸಾರ್, ಆವತ್ತ ಮುಚ್ಚಳ ಇದ್ದಿದ್ರ..."

"ನೀವು ರಸ್ತಿ ನೋಡಿ ಗಾಡಿ ಹೊಡೀರಿ" ಅಂದೆ. ಅವರು ರಸ್ತೆ ನೋಡಿದರು.

ಜೂನಿಯರ್ ಇಂಜಿನಿಯರು ನನ್ನ ಮಾತನ್ನು ಪೂರ್ತಿ ಕೇಳಲೂ ಇಲ್ಲ. "ಅದಕ್ಯಾಕ ತಲಿ ಕೆಡಿಸ್ಕೋತೀರಿ? ಬತ್ತಿದ ಬೋರು ಅಂತ ಬರೀರಿ. ಮುಂದಿನ ವರ್ಷದ ಪಟ್ಟಿಗೆ ಹಾಕೋಣ."

"ಬತ್ತಿಲ್ಲ ಸಾರ್. ನೀರೈತಿ."

"ಐತಿ, ಆದ್ರ ಮ್ಯಾಲ ಬರವಲ್ದು. ಎರಡೂ ಒಂದಾ."

ನಾನು ಬರೆಯಲಿಲ್ಲ. ಬರೆದುಬಿಟ್ಟರೆ ಆ ಪಂಪು ಕಾಗದದಲ್ಲಿ ಸತ್ತಂತೆ, ಮುಂದಿನ ವರ್ಷ ಎನ್ನುವುದು ಯಾವ ವರ್ಷವೋ ಯಾರು ಬಲ್ಲರು. ಬೋರಿನೊಳಗೆ ಬಿದ್ದದ್ದನ್ನು ಹಿಡಿದೆತ್ತುವ ಉಪಕರಣ ನಮ್ಮ ಕಡೆಯ ತಾಲ್ಲೂಕುಗಳಿಗೆಲ್ಲ ಸೇರಿ ಒಂದೇ ಇತ್ತು, ಅದು ಆಗ ಹೂವಿನಹಡಗಲಿಯಲ್ಲಿತ್ತು. ಮಲ್ಲಿಗೆಯ ಖಾಲಿ ಬುಟ್ಟಿ ಹೇರಿದ ಬಸ್ಸಿನಲ್ಲಿ ನಿಂತುಕೊಂಡು ಹೋದೆ. ಅಲ್ಲಿ ಕೇಳಿದರೆ, ಹೊಳಲು ಕಡೆಗೆ ಒಯ್ದಿದ್ದಾರೆ ಎಂದರು. ಮೂರು ದಿನ ಬಿಟ್ಟು ಮತ್ತೆ ಹೋದೆ. ಈ ಸಲ ಉಪಕರಣ ಇತ್ತು, ಬೀಗದ ಕೈ ಇದ್ದವರು ರಜೆಯಲ್ಲಿದ್ದರು. ಅಂತೂ ಅದನ್ನು ಹೆಗಲ ಮೇಲೆ ಹೊತ್ತು ತಂದು ಬೋರಿಗೆ ಇಳಿಸುವ ಹೊತ್ತಿಗೆ ಎಂಟು ದಿನ ಕಳೆದಿತ್ತು. ಅದು ಜಾರಿಬಿದ್ದ ಪೈಪನ್ನು ಕಚ್ಚಿ ಹಿಡಿಯಲು ಮಾಡಿದ್ದು. ನಮ್ಮ ಬೋರಿನಲ್ಲಿದ್ದದ್ದು ಪೈಪಲ್ಲ. ಎರಡು ದಿನ ಇಳಿಸಿದೆ, ತಿರುಗಿಸಿದೆ, ಎಳೆದೆ. ಪ್ರತಿ ಸಲವೂ ಅದರ ಬಾಯಿ ಏನನ್ನೋ ಸವರಿ ಖಾಲಿ ಬರುತ್ತಿತ್ತು. ಸಿಟ್ಟಿಗೆ ಸ್ಪ್ಯಾನರನ್ನು ಪ್ರಾರ್ಥನಾ ಮನೆಯ ಗೋಡೆಗೆ ಬೀಸಿ ಒಗೆದೆ. ಗಾರೆ ಕಿತ್ತು ಬಂತು. ಅಜ್ಜಿ ಸ್ಪ್ಯಾನರ್ ಎತ್ತಿ ಕೈಗೆ ಕೊಟ್ಟು, "ಗ್ವಾಡಿ ಏನ್ ಮಾಡೇತಿ ಯಪ್ಪಾ?" ಅಂದಳು.

ಅಷ್ಟೂ ದಿನ ಕೇರಿಯ ಹೆಂಗಸರು ಹಳ್ಳಕ್ಕೆ ಹೋಗುತ್ತಿದ್ದರು. ಉಸುಕಿನಲ್ಲಿ ಗುಂಡಿ ತೋಡಿ, ನೀರು ಊರುವವರೆಗೆ ಕೂತು, ಬಟ್ಟಲಿನಿಂದ ಮೊಗೆದು ಕೊಡ ತುಂಬಿಸಿ, ದಂಡೆ ಹತ್ತಿ ಬರಬೇಕು. ಅಜ್ಜಿಯ ಸೊಸೆ ಎಂಟು ತಿಂಗಳ ಬಸುರಿ. ಚೊಚ್ಚಲು. ಬೇಡ ಎಂದರೂ ಅತ್ತೆಯನ್ನು ಕಳಿಸಲು ಮನಸ್ಸಾಗದೆ ತಾನೇ ಹೋಗುತ್ತಿದ್ದಳು. ನಾನು ಆ ಹಡಗಲಿ ಉಪಕರಣವನ್ನು ವಾಪಸ್ ಒಯ್ದ ದಿನ ಅವಳು ದಂಡೆ ಹತ್ತುವಾಗ ಜಾರಿ ಬೊಕ್ಕಬೋರಲಾಗಿ ಬಿದ್ದಳು. ಹೊಟ್ಟೆಗೆ ಕೊಡ ಬಡಿಯಿತು. ಎತ್ತಿನಗಾಡಿಯಲ್ಲಿ ಕೊಟ್ಟೂರು ಆಸ್ಪತ್ರೆಗೆ ಒಯ್ದರು. ಅವಳು ಉಳಿದಳು. ಗಂಡು ಕೂಸು ಉಸಿರಾಡಲೇ ಇಲ್ಲ.

ಪ್ರಾರ್ಥನಾ ಮನೆಯ ಹಿಂದೆ ಮಣ್ಣು ಮಾಡಿದರು. ಸಭಾಪಾಲಕರಿಗೆ ಸುದ್ದಿ ಮುಟ್ಟಿಸುವಷ್ಟು ಹೊತ್ತಿರಲಿಲ್ಲ, ಅಜ್ಜಿಯೇ ಪ್ರಾರ್ಥನೆ ಹೇಳಿದಳಂತೆ. ನಾನು ಹೋದಾಗ ಒಂದು ಗೇಣುದ್ದದ ಗುಡ್ಡೆ ಕಂಡಿತು, ಮೇಲೆ ಹಸಿ ಬೇವಿನ ಟೊಂಗೆ. ಅದರ ಮುಂದೆ ನಿಂತಾಗ ನನ್ನ ತಲೆಯಲ್ಲಿ ಬಂದದ್ದು ಒಂದೇ, ಷೆಡ್ಡಿನ ಮೂಲೆಯಲ್ಲಿ ಕೂತಿರುವ ಆ ಮುಚ್ಚಳ. ಅದನ್ನು ತಲೆಯಿಂದ ಓಡಿಸಲು ಹೊಲದ ಯಜಮಾನನ ಮುಖ ತಂದುಕೊಂಡೆ. ಅದು ಕೂಡಲೇ ಬಂತು, ಬಂದು ಸಲೀಸಾಗಿ ಕೂತಿತು. ಎರಡು ರಾತ್ರಿ ನಾನು ಸರಿಯಾಗಿ ಮಲಗಲಿಲ್ಲ. ಮೂರನೇ ದಿನ ಭಾನುವಾರ.

ನಮ್ಮ ಕಡೆ ಅನ್ಯಾಯವಾದವರು ಮಣ್ಣು ತೂರುತ್ತಾರೆ. ಗುಡಿಯ ಮುಂದೆ ನಿಂತು ಒಂದು ಹಿಡಿ ಮಣ್ಣನ್ನು ಗಾಳಿಗೆ ತೂರಿ, ಹೀಗೆ ಮಾಡಿದವನ ಮನೆ ಹಾಳಾಗಲಿ ಅನ್ನುತ್ತಾರೆ. ತೂರಿದ ಮಣ್ಣಿಗೆ ಊರಲ್ಲಿ ಎಲ್ಲರೂ ಅಂಜುತ್ತಾರೆ. ಕೇರಿಯವರು ಇದನ್ನು ತಾತನ ಕಾಲಕ್ಕೇ ಬಿಟ್ಟಿದ್ದರು. ಬಿಟ್ಟಿದ್ದರು ಎಂದು ನಾನು ತಿಳಿದಿದ್ದೆ. ಆ ಭಾನುವಾರ ಹೆಂಗಸರು ಒಬ್ಬೊಬ್ಬರಾಗಿ ಬಂದು, ಸೆರಗಿನ ಗಂಟು ಬಿಚ್ಚಿ, ಒಂದೊಂದು ಹಿಡಿ ಮಣ್ಣನ್ನು ಮೇಜಿನ ಮುಂದೆ ಸುರಿದರು. ಬಿಳಿ ಬಟ್ಟೆ ಹಾಸಿದ ಆ ಮೇಜಿನ ಮುಂದೆ ಗೇಣೆತ್ತರ ಗುಡ್ಡೆಯಾಯಿತು.

"ಇದೇನಿದು?" ಎಂದೆ.

ಅಜ್ಜಿ ಹೇಳಿದಳು, "ನಾವು ತೂರಾಂಗಿಲ್ಲ ಯಪ್ಪಾ. ತೂರೋದು ನಮ್ಮದಲ್ಲ ಅಂತ ನೀನಾ ಹೇಳಿದ್ದಿ. ಇಲ್ಲಿ ಇಟ್ಟೀವಿ. ನೀ ಪ್ರಾರ್ಥನಿ ಮಾಡು, ಆತನಾ ತೂರ್ಲಿ."

ನಾನು ಏನು ಹೇಳಬೇಕಿತ್ತು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅದೇ ಜಾಗದಲ್ಲಿ ನಿಂತು ಎಷ್ಟೋ ಸಲ ಹೇಳಿದ್ದೆ: ಅನ್ಯಾಯ ಆತನ ಕಣ್ಣಿಗೆ ಬೀಳುತ್ತದೆ, ತೀರ್ಪು ಆತನ ಕೈಯಲ್ಲಿದೆ, ನಾವು ನಮ್ಮ ಸಂಕಟ ಇಟ್ಟು ಕೈ ತೆಗೆಯಬೇಕು ಎಂದು. ಕೇರಿಯವರು ಮಣ್ಣಿನ ರೂಪದಲ್ಲಿಯಾದರೂ ಅದನ್ನೇ ಮಾಡಿದ್ದರು, ಇಟ್ಟು ಕೈ ತೆಗೆದಿದ್ದರು. ಮುಂದಿನದನ್ನು ಕೆಡಿಸಿದವನು ನಾನು. ಕಣ್ಣು ಮುಚ್ಚಿದೆ, ಬಾಯಿ ತೆರೆದೆ. ಯಜಮಾನನ ಹೆಸರು ಹೇಳಿದೆ. ಅವನ ಅಪ್ಪನ ಹೆಸರು ಹೇಳಿದೆ. ಬೋರಿನ ಪೂರ್ವಕ್ಕಿರುವ ಹೊಲದವನು ಎಂದೆ. ದೇವರು ಎಲ್ಲಿ ತಪ್ಪಿ ಬೇರೆ ಮನೆಗೆ ಹೋಗಿಬಿಡುತ್ತಾನೋ ಎನ್ನುವಂತೆ ಚಕ್ಕುಬಂದಿ ಒಪ್ಪಿಸಿದೆ. "ಕರ್ತನೇ, ಆ ಕೈ ಬೀಳಲಿ, ಆ ಕಾಲು ಬೀಳಲಿ" ಎಂದೆ. ಹೆಂಗಸರು ತಗಡು ಅದುರುವಂತೆ ಆಮೆನ್ ಅಂದರು.

ಕಣ್ಣು ಬಿಟ್ಟಾಗ ಅಜ್ಜಿಯ ಸೊಸೆ ಹಿಂದಿನ ಗೋಡೆಗೆ ಒರಗಿ ಕೂತದ್ದು ಕಂಡಿತು. ಅವಳು ಮಣ್ಣು ತಂದಿರಲಿಲ್ಲ. ಆಮೆನ್ ಅಂದಂತೆಯೂ ಇರಲಿಲ್ಲ. ಪಾಪ, ಶಕ್ತಿ ಇಲ್ಲ ಎಂದುಕೊಂಡೆ.

ಬುಧವಾರ ಸಾಬರು ಷೆಡ್ಡಿನ ಬಾಗಿಲಲ್ಲೇ ನಿಂತು ಸುದ್ದಿ ಹೇಳಿದರು. ಯಜಮಾನ ಮೇವಿನ ಬಣವೆ ಒಟ್ಟುವಾಗ ಮೇಲಿಂದ ಬಿದ್ದಿದ್ದಾನೆ. ಸೊಂಟ ಮುರಿದಿದೆ. ದಾವಣಗೆರೆಗೆ ಒಯ್ದಿದ್ದಾರೆ. ನಡೆಯುತ್ತಾನೋ ಇಲ್ಲವೋ ಹೇಳಲಿಕ್ಕಾಗುವುದಿಲ್ಲ ಅಂದಿದ್ದಾರೆ.

"ನಿಮ್ಮ ಪ್ರಾರ್ಥನಿ ಭಾರೀ ಐತ್ರಿ ಸಾರ್. ನನ್ನ ಮ್ಯಾಲ ಯಾವತ್ತೂ ಸಿಟ್ಟಾಗಬ್ಯಾಡ್ರಿ ಮತ್ತ!" ಎಂದು ನಕ್ಕರು. ಅರ್ಧ ತಮಾಷೆ, ಅರ್ಧ ನಿಜ.

ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ಖುಷಿಯಾಯಿತು. ಸ್ತೋತ್ರ ಎಂದೆ. ಮಧ್ಯಾಹ್ನ ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಆದರೆ ಊಟವಾದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಷೆಡ್ಡಿನಲ್ಲಿ ಹಳೇ ವಾಷರುಗಳನ್ನು ಸುಮ್ಮಸುಮ್ಮನೆ ಆರಿಸಿದೆ, ಮತ್ತೆ ಬೆರೆಸಿದೆ. ಕೇಳಿದ್ದು ಸಿಕ್ಕಿತ್ತು. ಸಿಕ್ಕ ಮೇಲೆ ಮನಸ್ಸಿಗೆ ನೆಮ್ಮದಿ ಬರಬೇಕಲ್ಲ, ಬರಲೇ ಇಲ್ಲ. ಒಳಗೊಳಗೇ ಒಂದು ಅಂಜಿಕೆ ಹೊಕ್ಕಿತ್ತು. ಅದು ದೇವರ ಮೇಲಿನ ಅಂಜಿಕೆಯೋ ನನ್ನ ನಾಲಿಗೆಯ ಮೇಲಿನದೋ ತಿಳಿಯಲಿಲ್ಲ.

ಈ ನಡುವೆ ಬೋರಿಗೊಂದು ದಾರಿ ಹೊಳೆದಿತ್ತು. ಸೇದುವ ಬಾವಿಗೆ ಕೊಡ ಬಿದ್ದರೆ ಹಳ್ಳಿಯವರು ಪಾತಾಳಗರಡಿ ಬಿಟ್ಟು ಎತ್ತುತ್ತಾರಲ್ಲ, ಸುತ್ತಲೂ ಕೊಕ್ಕೆ ಇರುವ ಕಬ್ಬಿಣದ ಗೊಂಚಲು. ಅದನ್ನೇ ಬೋರಿನ ಬಾಯಿಗೆ ಹಿಡಿಸುವಷ್ಟು ಸಣ್ಣದಾಗಿ ಮಾಡಿದರೆ? ಆ ಊರಿನ ಕಮ್ಮಾರನಿಗೆ ಅಳತೆ ಕೊಟ್ಟು ಬಂದಿದ್ದೆ. ಶುಕ್ರವಾರ ಹೋದಾಗ ಮೂರು ಕೊಕ್ಕೆಯದು ತಯಾರಿತ್ತು. ಸರಳಿನ ತುದಿಗೆ ಅದನ್ನು ಬೆಸೆದುಕೊಂಡು ಇಳಿಸಿದೆವು. ಎಪ್ಪತ್ತು ಅಡಿಗೆ ತಾಗಿತು. ಅರ್ಧ ಸುತ್ತು ತಿರುಗಿಸಿ ಎಳೆದೆ. ಭಾರ ಬಂತು, ಜಾರಿತು. ಎರಡನೇ ಸಲ ಕೊಕ್ಕೆಗೆ ಗೋಣಿಯ ನಾರು ಸಿಕ್ಕಿತು. ನನ್ನದೇ ಚೀಲ. ಐದನೇ ಸಲಕ್ಕೆ ಅರ್ಧ ಚೀಲ ಬಂತು. ಹತ್ತನೆಯದೋ ಹನ್ನೊಂದನೆಯದೋ ಇರಬೇಕು, ಸರಳು ಬಾಗುವಷ್ಟು ಬಿಗಿಯಾಯಿತು. ಯಾರಿಗೂ ಉಸಿರಾಡಬೇಡಿ ಎಂದೆ. ಅಡಿ ಅಡಿಯಾಗಿ ಎತ್ತಿದೆವು. ಉಳಿದ ಚೀಲ, ಅದರೊಳಗೆ ಸುತ್ತಿಕೊಂಡು ಒಂದು ಮುರಿದ ಕುಡ, ಅಂದರೆ ಕುಂಟೆಯ ತಳಕ್ಕೆ ಹೊಡೆಯುವ ಕಬ್ಬಿಣದ ಅಲಗು.

ಕಮ್ಮಾರ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. "ಇದು ನಾ ಬಡದದ್ದರಿ. ಆ ಮನಿದು" ಎಂದು ಪೂರ್ವಕ್ಕೆ ಕತ್ತು ಹೊರಳಿಸಿದ.

ಅಜ್ಜಿ ಎರಡೂ ಕೈ ಮೇಲೆತ್ತಿದಳು. "ಕರ್ತ ಎತ್ತಿ ತೋರಿಸಿಬಿಟ್ಟ!" ಸುತ್ತ ನಿಂತವರೆಲ್ಲ ನನ್ನನ್ನು ನೋಡಿದರು. ಆ ನೋಟ ನನಗೆ ಹಿಡಿಸಿತು. ಎದೆಯ ಅಂಜಿಕೆ ಸ್ವಲ್ಪ ಇಳಿಯಿತು. ನೋಡಿದಿಯಾ, ಹೆಸರು ಸರಿಯಾಗಿತ್ತು ಎಂದುಕೊಂಡೆ.

ಹಗ್ಗಕ್ಕೆ ಗುಂಡು ಕಟ್ಟಿ ಬಿಟ್ಟರೆ ತಳದವರೆಗೆ ಸಲೀಸಾಗಿ ಹೋಯಿತು. ಪೈಪ್ ಇಳಿಸಲು ಶುರು ಮಾಡಿದೆವು. ಆರು ಇಳಿಯುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಕ್ಲಾಂಪ್ ಬಿಗಿದು, ಇಬ್ಬರನ್ನು ಕಾವಲಿಗೆ ಕೂರಿಸಿ, ನಾನೂ ಸಾಬರೂ ಕೇರಿಯ ಹೊರಗಿನ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದೆವು. ಆಗ ಬದುವಿನ ಮೇಲಿಂದ ಯಜಮಾನನ ತಾಯಿ ಇಳಿದು ಬಂದಳು. ಬಂದವಳು ನಾಲ್ಕು ಮಾರು ದೂರದಲ್ಲೇ ನಿಂತಳು.

"ಮೇಸ್ತ್ರೀ, ಹೆಸರು ತಪ್ಪಾಗೈತ್ರಿ."

"ಯಾರ ಹೆಸರವ್ವ?"

"ನೀವು ನಿಮ್ಮ ದೇವರಿಗೆ ಹೇಳಿದ್ದು. ನಿಮ್ಮ ಹೆಣ್ಮಕ್ಳು ಹೊಲದ ಕೆಲಸಕ್ಕ ಬಂದಾಗ ಅಂದ್ರು, ನನ್ನ ಮಗನ ಹೆಸರು ಹಿಡದು ಬೇಡ್ಕೊಂಡೀರಂತ. ಅವಗ ಏನೂ ಗೊತ್ತಿಲ್ರಿ. ಅವ ಬರೇ ಬಾಯಿಲೆ ಅಂದ. ಮಾಡಿದಾಕಿ ನಾನು. ಹೊತ್ತು ಮುಳುಗೋ ಮುಂದ ಬಂದೆ. ಕಲ್ಲು ಸರಿಸಿದೆ. ಮುರಿದ ಕುಡ ಇಟ್ಟು ಚೀಲ ಒಳಗ ದಬ್ಬಿದೆ. ನಮ್ಮನಿಯವರು ತೋಡಿಸಿದ ಬಾವಿ, ಕಣ್ಣ ಮುಂದ ಬತ್ತಿ ಹೋತು. ಇದು ಕೆಟ್ರ ಇವರಿಗೆ ಬ್ಯಾರೆ ಕಡಿ ಹಾಕಿ ಕೊಡ್ತಾರ ಅಂದ್ಕೊಂಡೆ. ಕೂಸು ಹೋಗತೈತಿ ಅಂತ ನನಗ ಗೊತ್ತಿದ್ದಿಲ್ರಿ, ನನ್ನ ಮಗನ ಆಣಿ, ಗೊತ್ತಿದ್ದಿಲ್ಲ."

ನಾನು ಕೈಯ ತುತ್ತನ್ನು ಬುತ್ತಿಗೇ ಇಟ್ಟು ಎದ್ದು ನಿಂತೆ.

"ಇವತ್ತ ಇನ್ನೊಮ್ಮೆ ಪ್ರಾರ್ಥನಿ ಮಾಡ್ರಿ. ಹೆಸರು ತಪ್ಪಾತು, ಆ ಹುಡುಗನ್ನ ಬಿಟ್ಟುಬಿಡು ಅಂತ ಹೇಳ್ರಿ. ನನ್ನ ಹೆಸರು ಹಾಕ್ರಿ." ಅವಳು ತನ್ನ ಹೆಸರು ಹೇಳಿದಳು. ಅಷ್ಟಕ್ಕೆ ತಿಳಿಯಲಿಕ್ಕಿಲ್ಲ ಎಂದುಕೊಂಡು ಗಂಡನ ಹೆಸರು, ತವರೂರು, ಎಲ್ಲ ಹೇಳಿದಳು. "ಮುದುಕಿ ಅದೀನಿ. ನನ್ನ ಸೊಂಟ ಮುರದ್ರ ಯಾರಿಗೇನು? ಅವಗ ಸಣ್ಣ ಸಣ್ಣ ಮಕ್ಳು ಅದಾವ್ರಿ."

ಸಾಬರು ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಕರೆದೊಯ್ದರು. "ಸಾರ್, ಸುಮ್ನಿದ್ದುಬಿಡ್ರಿ. ಆತು, ಮಾಡ್ತೀನಿ ಅಂದು ಕಳಿಸ್ರಿ. ಈ ಅಂಜಿಕಿ ಇದ್ರ ಆ ಮನಿಯವರು ಇನ್ನ ಹತ್ತು ತಲಿಗೂ ಪಂಪಿಗೆ ಕೈ ಹಚ್ಚಾಂಗಿಲ್ಲ. ನಿಜ ಹೇಳಿದ್ರಿ ಅಂದ್ರ, ಮಗ ಎದ್ದು ಬಂದು ಮತ್ತ ಶುರು ಮಾಡ್ತಾನ."

ಅವರು ಹೇಳಿದ್ದು ಸರಿಯಾಗಿತ್ತು. ಕೇರಿಗೆ ಬೇಕಾದದ್ದು ನೀರು. ಆ ನೀರಿಗೆ ಯಾವ ಬೀಗಕ್ಕಿಂತಲೂ ಗಟ್ಟಿಯಾದ ಕಾವಲು ಈ ಮುದುಕಿಯ ಭಯ. ಸುಮ್ಮನಿದ್ದರೆ ಸಾಕಿತ್ತು, ಸುಳ್ಳು ಕೂಡ ಹೇಳಬೇಕಿರಲಿಲ್ಲ. ಬೇವಿನ ಬುಡಕ್ಕೆ ಎರಡು ಸುತ್ತು ಹಾಕಿದೆ. ಮೂರು ದಿನದಿಂದ ನನ್ನನ್ನು ಕೂರಗೊಡದೆ ಕಾಡುತ್ತಿದ್ದದ್ದು ಏನೆಂದು ಆಗ ಗೊತ್ತಾಯಿತು. ದೇವರ ನ್ಯಾಯಕ್ಕೆ ಬಿಟ್ಟೆ ಎಂದು ಬಾಯಲ್ಲಿ ಹೇಳಿ, ಆ ಕುರ್ಚಿಯಲ್ಲಿ ನಾನೇ ಕೂತು ತೀರ್ಪು ಬರೆದಿದ್ದೆ. ಅದೂ ತಪ್ಪು ತೀರ್ಪು. ಈಗ ಈ ಮುದುಕಿ ಅರ್ಜಿ ಹಿಡಿದು ನನ್ನ ಮುಂದೆ ನಿಂತಿದ್ದಾಳೆ, ದೇವರ ಮುಂದೆ ಅಲ್ಲ. ಸುಮ್ಮನಿದ್ದರೆ ಆ ಕುರ್ಚಿ ಜೀವನಪೂರ್ತಿ ನನ್ನದೇ.

ವಾಪಸ್ ಬಂದು ಹೇಳಿದೆ, "ಅವ್ವಾ, ನಿಮ್ಮ ಮಗ ಬಿದ್ದದ್ದು ನಾ ಬೇಡ್ಕೊಂಡದ್ದಕ್ಕಲ್ಲ."

"ಮತ್ತ್ಯಾಕ ಬಿದ್ದ?"

"ಗೊತ್ತಿಲ್ಲ. ಬಣವಿ ಮ್ಯಾಲಿಂದ ಯಾರು ಬೇಕಾದ್ರೂ ಬೀಳ್ತಾರ. ನಾ ಹೇಳಿದವರನ್ನ ಹೊಡಿಯೋ ಆಳಲ್ಲ ನಮ್ಮ ದೇವರು."

"ಹಂಗಾದ್ರ ನಿಮ್ಮ ದೇವರು ನ್ಯಾಯ ಮಾಡಾಂಗಿಲ್ಲೇನು?"

"ಮಾಡ್ತಾನ. ನನ್ನ ಕೇಳಿ ಮಾಡಾಂಗಿಲ್ಲ." ಕೇರಿಯ ಕಡೆ ಕೈ ತೋರಿಸಿ ಅಂದೆ, "ನೀವು ನನಗ ಹೇಳಿ ಏನುಪಯೋಗ? ಹೇಳಬೇಕಾದವರು ಅಲ್ಲಿ ಒಳಗ ಅದಾರ."

ಅವಳು ಆ ವಯಸ್ಸಿನವರೆಗೆ ಕೇರಿಯೊಳಗೆ ಕಾಲಿಟ್ಟವಳಲ್ಲ. ಹಿಂದಿರುಗಿ ಹೋಗುತ್ತಾಳೆ, ಹೋದರೆ ನಾನು ತಡೆಯಬಾರದು ಎಂದುಕೊಂಡೆ. ಅವಳು ಚಪ್ಪಲಿಯನ್ನು ಅಲ್ಲೇ ಬಿಟ್ಟು ಮುಂದೆ ನಡೆದಳು. ನಾವು ಹಿಂದೆ ಹೋದೆವು.

ಪಂಪಿನ ಹತ್ತಿರ ನಿಂತು, ನನ್ನ ಹತ್ತಿರ ಹೇಳಿದಷ್ಟನ್ನೂ ಅವಳು ಮತ್ತೆ ಹೇಳಿದಳು. ಹೇಳಿ ಮುಗಿಯುವ ಮೊದಲೇ ಅಜ್ಜಿ ಎದ್ದಳು. "ಎಲೇ ಪಾಪಿ! ನಮ್ಮನ್ಯಾಗ ಆಡೋ ಕೂಸು..." ಎಂದು ಮೈಮೇಲೆ ಹೋದವಳನ್ನು ಇಬ್ಬರು ಹೆಂಗಸರು ಹಿಡಿದುಕೊಂಡರು. ಗಂಡಸರಲ್ಲಿ ಒಬ್ಬ ಆ ಕುಡವನ್ನೇ ಕೈಗೆತ್ತಿಕೊಂಡ. ಆಗ ನಾನು ನಡುವೆ ನಿಂತು, ಬಾಯಿಗೆ ಬಂದದ್ದನ್ನು ಬಂದಂತೆ ಹೇಳಿಬಿಟ್ಟೆ. ಬೋರಿಗೆ ಹಾಕಬೇಕಾದ ಮುಚ್ಚಳ ಷೆಡ್ಡಿನಲ್ಲಿ ಬಿಟ್ಟು ಬಂದದ್ದು ನಾನು. ಅದು ಇದ್ದಿದ್ದರೆ ಈಕೆಯಿಂದ ಏನೂ ಆಗುತ್ತಿರಲಿಲ್ಲ. ಅದನ್ನು ಮುಚ್ಚಿಟ್ಟು ದೇವರ ಮುಂದೆ ಬೇರೆಯವನ ಹೆಸರು ಹೇಳಿದ್ದೂ ನಾನು. ಕುಡ ಹಿಡಿದವನ ಕೈ ಹಾಗೇ ನಿಂತಿತು. ಅಜ್ಜಿ ನನ್ನನ್ನು ನೋಡಿದ ನೋಟವನ್ನು ಈಗಲೂ ಬರೆಯಲಾರೆ.

ಸದ್ದಿಗೆ ಅವಳ ಸೊಸೆ ಹೊರಗೆ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಯಾವಾಗಿನಿಂದ ಕೇಳುತ್ತಿದ್ದಳೋ. ಮುದುಕಿ ಅವಳ ಕಡೆ ತಿರುಗಿದಳು.

"ನೀನೂ ಮಣ್ಣಿಟ್ಟು ಬೇಡ್ಕೊಂಡಿದ್ದೇನವ್ವಾ?"

"ಇಲ್ಲ."

"ಯಾಕವ್ವ?"

"ಆಗಲಿಲ್ಲ. ಅದಕ್ಕ ಎರಡು ಮೂರು ದಿನ ಮುಂಚೇನ ಕೂಸಿಗೆ ಮಣ್ಣು ಹಾಕಿ ಬಂದಿದ್ದೆ. ಮತ್ತ ಮಣ್ಣು ಹಿಡಿಯಾಕ ಕೈ ಏಳಲಿಲ್ಲ."

ಮುದುಕಿ ಬಾಗಿ ಅವಳ ಕಾಲ ಹತ್ತಿರದ ನೆಲ ಮುಟ್ಟಿದಳು. ಸೊಸೆ ಹಿಂದೆ ಸರಿಯಲೂ ಇಲ್ಲ, ಎತ್ತಲೂ ಇಲ್ಲ. ಆಯಿತು ಹೋಗು ಎಂದು ಯಾರೂ ಅನ್ನಲಿಲ್ಲ, ಅವಳ ಮೇಲೆ ಕೈಯನ್ನೂ ಎತ್ತಲಿಲ್ಲ. ಮುದುಕಿ ಬಂದ ದಾರಿಯಲ್ಲೇ ಹೋದಳು.

ಉಳಿದ ಆರು ಪೈಪುಗಳನ್ನು ಇಳಿಸುವಾಗ ಮಾತಾಡಬೇಡಿ ಎಂದು ನಾನು ಯಾರಿಗೂ ಹೇಳಬೇಕಾಗಲಿಲ್ಲ. ತಲೆ ಕೂರಿಸಿ, ಚೈನು ಸಿಕ್ಕಿಸಿ, ಹಿಡಿಕೆ ಹಾಕಿದೆವು. ರಿಪೋರ್ಟಿನಲ್ಲಿ ಮುಚ್ಚಳದ ಸಂಗತಿಯನ್ನೂ ಬರೆಯಬೇಕು ಎಂದು ಬೋಲ್ಟ್ ಬಿಗಿಯುತ್ತಲೇ ತೀರ್ಮಾನಿಸಿದೆ. ಬರೆದೆ. ಕಾರಣ ಕೇಳಿ ನೋಟಿಸ್ ಬಂತು, ಉತ್ತರ ಕೊಟ್ಟೆ, ಒಂದು ಬಡ್ತಿ ತಪ್ಪಿತು. ಅದು ದೊಡ್ಡ ಮಾತಲ್ಲ. ಯಜಮಾನ ಆರು ತಿಂಗಳಿಗೆ ಕೋಲು ಹಿಡಿದು ನಡೆದ. ಪಂಪಿನ ಸುದ್ದಿಗೆ ಮತ್ತೆ ಬಂದನೋ ಇಲ್ಲವೋ, ನನ್ನನ್ನು ಹಡಗಲಿಗೆ ಹಾಕಿದ್ದರಿಂದ ನನಗೆ ತಿಳಿಯಲಿಲ್ಲ.

ಆವತ್ತು ಸಂಜೆ ನಲವತ್ತು ಸಲ ಜಗ್ಗಿದ ಮೇಲೆ ಮೊದಲು ಕೆಂಪು ನೀರು ಬಂತು, ಆಮೇಲೆ ತಿಳಿಯಾಯಿತು. ಮೊದಲ ಕೊಡ ಯಾರು ಇಡಬೇಕು ಎಂದು ಹೆಂಗಸರು ಹಿಂದೆಮುಂದೆ ನೋಡಿದರು. ಸೊಸೆಯೇ ಬಂದು ಇಟ್ಟಳು. ಅವಳು ಜಗ್ಗಬಾರದೆಂದು ಹಿಡಿಕೆಯನ್ನು ನಾನೇ ಹಿಡಿದೆ. ಕೊಡ ಅರ್ಧ ತುಂಬುವಷ್ಟರಲ್ಲಿ ಧೈರ್ಯ ತಂದುಕೊಂಡು ಕೇಳಿದೆ, "ತಂಗೀ, ಈ ಭಾನುವಾರ ಬರ್ತೀನಿ. ಯಾರ ಹೆಸರೂ ಹೇಳಾಂಗಿಲ್ಲ. ನಿನಗ ನ್ಯಾಯ ಸಿಗ್ಲಿ ಅಂತ ಅಷ್ಟ ಬೇಡ್ಕೊಳ್ಳಲೇನು?"

ಅವಳು ಕೊಡದ ಬಾಯಿ ನೋಡುತ್ತಲೇ ಹೇಳಿದಳು.

"ಬ್ಯಾಡ್ರಿ ಅಣ್ಣಾರ. ನಾ ಆತನ್ನ ಕೇಳೀನಿ. ಆತ ಹೇಳೋತನಕ ಕಾಯ್ತೀನಿ. ನಡುವ ನೀವು ಬರಬ್ಯಾಡ್ರಿ."